ಹೆಲಿಕಾಪ್ಟರ್ ಶಾಟ್ ಬೇಕು, ಅಗ್ಗಕ್ಕೆ ಬೇಡ

ಡ್ರೋನ್ ಬಂದ ಮೇಲೆ ಸಿನಿಮಾಗೆ ಹೆಲಿಕಾಪ್ಟರ್ ಯಾಕೆ ಅನ್ನುವ ಮಾತು ಈಗ ಎಲ್ಲಾ ಕಡೆ ಕೇಳಿಸುತ್ತದೆ. ನಮ್ಮ ಬಾಗಲಕೋಟೆ ನವನಗರದಲ್ಲಿ ಮದುವೆ ವಿಡಿಯೋ ಮಾಡುವ ಹುಡುಗರೂ ಇದನ್ನೇ ಹೇಳುತ್ತಾರೆ. "ಅಣ್ಣಾರ, ಕಿಸೆದಾಗ ಹಿಡಿಯೋ ಡ್ರೋನ್ ಬಂದಾವ. ಇನ್ನ ಹೆಲಿಕಾಪ್ಟರ್ ತಗೊಂಡ್ ಏನ್ ಮಾಡೋದೈತ್ರಿ?" ನಾನೂ ಡ್ರೋನ್ ಹಾರಿಸಿಯೇ ಹೊಟ್ಟೆ ಹೊರೆಯುವವನು. ಆದರೂ ಈ ಮಾತು ನನಗೆ ಒಪ್ಪಿಗೆಯಿಲ್ಲ. ಹೆಲಿಕಾಪ್ಟರ್ ಶಾಟ್ ಇನ್ನೂ ಬೇಕು. ಅಗ್ಗಕ್ಕೆ ಮಾತ್ರ ಬೇಡ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಬರಹ ಸ್ವಲ್ಪ ಉದ್ದ ಆಗುತ್ತದೆ.

ಡ್ರೋನ್ ಸಾಕಾಗುವ ಜಾಗಗಳನ್ನು ಮೊದಲೇ ಹೇಳಿಬಿಡುತ್ತೇನೆ. ಬಾದಾಮಿಯ ಅಗಸ್ತ್ಯ ಹೊಂಡ, ಗುಹೆಗಳ ಮೇಲಿನ ಕೆಂಪು ಬಂಡೆ, ಗೋಳಗುಮ್ಮಟದ ಸುತ್ತು, ಗೋಕಾಕ ಜಲಪಾತ. ಇಲ್ಲೆಲ್ಲ ಹೆಲಿಕಾಪ್ಟರ್ ತರುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಕೆಳಗೆ ಇಳಿದರೆ ಧೂಳು ಏಳುತ್ತದೆ, ಸದ್ದಿಗೆ ಹಕ್ಕಿಗಳು ಚದುರುತ್ತವೆ, ಸಾವಿರ ವರ್ಷಕ್ಕೂ ಹಳೆಯ ಗುಡಿಗಳ ಪಕ್ಕ ಅಂಥ ಗಾಳಿ ಎಬ್ಬಿಸುವ ಅಗತ್ಯವೇ ಇಲ್ಲ. ಸಂರಕ್ಷಿತ ಸ್ಮಾರಕದಲ್ಲಿ ಸಿನಿಮಾ ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಡ್ರೋನ್ ಆದರೂ ಅಷ್ಟೇ. ಆ ಅನುಮತಿ ತಗೊಂಡು ಬೆಳಿಗ್ಗೆ ಬೇಗ ಡ್ರೋನ್ ಎಬ್ಬಿಸಿ, ನಿಮಗೆ ಬೇಕಾದ್ದೆಲ್ಲ ಸಿಗುತ್ತದೆ.

ಆದರೆ ಮಲಪ್ರಭೆಯನ್ನು ತೋರಿಸಬೇಕು ಅಂದ್ಕೊಳ್ಳಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಲ್ಲಿ ಹುಟ್ಟುತ್ತಾಳೆ. ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಲ್ಲಿ ನಿಲ್ಲುತ್ತಾಳೆ. ಅಲ್ಲಿಂದ ಎರೆಹೊಲದ ಬಯಲು ಹಾಯ್ದು ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ತಿರುಗಿ, ಐಹೊಳೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಹಸಿರು ಕಾಡು ಹೋಗಿ ಕಪ್ಪು ನೆಲ ಬರುವುದು, ಕಪ್ಪು ನೆಲ ಹೋಗಿ ಕೆಂಪು ಬಂಡೆ ಬರುವುದು, ಇದನ್ನು ನೆಲದಿಂದ ತೋರಿಸಲಾಗದು. ಡ್ರೋನ್‌ನಿಂದಲೂ ಕಷ್ಟ. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ, ಅಂದರೆ ಅನುಮತಿ ಕೇಳದೆ ಹಾರಿಸಬಹುದಾದ ಕಡೆ, 400 ಅಡಿ (120 ಮೀಟರ್) ತನಕ ಮಾತ್ರ ಅವಕಾಶ. ಡ್ರೋನ್ ಹಾರಿಸುವವನ ಕಣ್ಣಳತೆಯಲ್ಲೇ ಇರಬೇಕು. ಬ್ಯಾಟರಿ ಅರ್ಧ ಗಂಟೆ ಬಂದರೆ ದೊಡ್ಡದು, ನಮ್ಮ ಬಯಲುಗಾಳಿಗೆ ಅದೂ ಇಲ್ಲ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಸುತ್ತಮುತ್ತ ಹೋದರೆ ಇನ್ನೂ ಬಿಗಿ, ಅಲ್ಲಿ ವಾಯುಪಡೆಯ ತರಬೇತಿ ಶಾಲೆಯೂ ಇದೆ.

ಆಲಮಟ್ಟಿ ಹಿನ್ನೀರೂ ಹಾಗೇ. ನಮ್ಮ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಆ ನೀರಿಗೆ ಹೋದವು, ಜನ ನವನಗರಕ್ಕೆ ಬಂದರು. ಆ ನೀರು ಎಷ್ಟು ಅಗಲ ಅಂತ ದಂಡೆಯ ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತ್ತು. ಆಗ ಹೆಲಿಕಾಪ್ಟರ್‌ನಿಂದ ತೆಗೆದ ದೃಶ್ಯಗಳನ್ನು ಟಿವಿಯಲ್ಲಿ ನೋಡಿದಾಗಲೇ ನಮಗೆ ನಮ್ಮ ಊರುಗಳ ಪರಿಸ್ಥಿತಿ ಪೂರ್ತಿ ಅರ್ಥವಾಗಿದ್ದು. ನಮ್ಮ ನೆಲದ ಅಳತೆ ಅಂಥದ್ದು. ಅದನ್ನು ಪರದೆ ಮೇಲೆ ತರಲು ಎತ್ತರ ಬೇಕು, ದೂರ ಬೇಕು, ಒಂದೇ ಓಟದಲ್ಲಿ ಹತ್ತಾರು ಮೈಲಿ ಹೋಗುವ ಶಕ್ತಿ ಬೇಕು.

ಇನ್ನೊಂದು ವಿಷಯ ಲೆನ್ಸ್‌ಗೆ ಸಂಬಂಧಿಸಿದ್ದು. ಸಿನಿಮಾದ ಹೆಲಿಕಾಪ್ಟರ್‌ನಲ್ಲಿ ಕ್ಯಾಮೆರಾ ಇರುವುದು ಮೂತಿಯ ಕೆಳಗೋ ಪಕ್ಕದಲ್ಲೋ ಕೂರಿಸಿದ ಚೆಂಡಿನಾಕಾರದ ಕವಚದೊಳಗೆ. ಗೈರೋ ಅನ್ನುವ ಸಮತೋಲನದ ಸಾಧನ ಅದನ್ನು ಅಲುಗಾಡದಂತೆ ಹಿಡಿಯುತ್ತದೆ. ಆಪರೇಟರ್ ಒಳಗೆ ಮಾನಿಟರ್ ನೋಡುತ್ತಾ ಜಾಯ್‌ಸ್ಟಿಕ್‌ನಲ್ಲಿ ಅದನ್ನು ತಿರುಗಿಸುತ್ತಾನೆ. ಹಾಗಾಗಿ ಭಾರೀ ಉದ್ದದ ಜೂಮ್ ಹಾಕಿ, ಒಂದು ಕಿಲೋಮೀಟರ್ ಆಚೆ ಹಾರುತ್ತಲೇ ಗುಡ್ಡದ ತುದಿಯಲ್ಲಿ ನಿಂತ ಮನುಷ್ಯನ ಮುಖ ಹಿಡಿಯಬಹುದು. ಮುಂದಿನ ಗುಡ್ಡ ಸರಸರ ಸರಿಯುತ್ತದೆ, ಹಿಂದಿನದು ಮೆಲ್ಲಗೆ, ನಡುವೆ ಆ ಮನುಷ್ಯ ಅಲ್ಲಾಡದೆ ನಿಂತಿರುತ್ತಾನೆ. ನಮ್ಮ ಕೈಯಲ್ಲಿರುವ ಸಣ್ಣ ಡ್ರೋನ್‌ಗಳ ಅಗಲ ಲೆನ್ಸ್‌ನಲ್ಲಿ ಈ ಆಳ ಬರುವುದಿಲ್ಲ. ಈಗಿನ ಸಿನಿಮಾಗಳಲ್ಲಿ ಎಲ್ಲಾ ಏರಿಯಲ್ ಶಾಟ್ ಒಂದೇ ಥರ ಕಾಣುವುದಕ್ಕೆ ಇದೂ ಕಾರಣ. ನೇರ ಮೇಲಿಂದ ರಸ್ತೆ, ರಸ್ತೆಯಲ್ಲಿ ಒಂದು ಕಾರು. ಸಾಕಾಗಿ ಹೋಗಿದೆ ಅಲ್ವಾ?

1960ರ ದಶಕದಲ್ಲಿ ಅಮೆರಿಕದ ನೆಲ್ಸನ್ ಟೈಲರ್ ಹೆಲಿಕಾಪ್ಟರ್ ನಡುಕ ಕ್ಯಾಮೆರಾಗೆ ತಾಗದಂಥ ಮೌಂಟ್ ಮಾಡಿದರು. ಅದಕ್ಕೂ ಮೊದಲು ಫ್ರಾನ್ಸ್‌ನ ನಿರ್ದೇಶಕ ಆಲ್ಬೇರ್ ಲಾಮೊರೀಸ್ ಹೆಲಿವಿಷನ್ ಅನ್ನುವ ತಮ್ಮದೇ ವಿಧಾನ ಕಂಡುಕೊಂಡಿದ್ದರು. ಅವರು 1970ರಲ್ಲಿ ಇರಾನ್‌ನಲ್ಲಿ ಚಿತ್ರೀಕರಣ ಮಾಡುವಾಗ ಹೆಲಿಕಾಪ್ಟರ್ ಅಪಘಾತದಲ್ಲೇ ತೀರಿಕೊಂಡರು. ಈ ಕೆಲಸ ಅಷ್ಟು ಅಪಾಯದ್ದು. ಅದಕ್ಕೇ ಅಗ್ಗಕ್ಕೆ ಬೇಡ ಅಂತ ಹೇಳುತ್ತಿರುವುದು.

ಅಪಾಯ ಎಲ್ಲಿದೆ ಅಂತ ನಿರ್ಮಾಪಕರಿಗೂ ನಿರ್ದೇಶಕರಿಗೂ ಗೊತ್ತಿರಬೇಕು. ಎಂಜಿನ್ ಕೈಕೊಟ್ಟ ಮಾತ್ರಕ್ಕೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುವುದಿಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತದೆ, ಪೈಲಟ್ ಅದೇ ಬಲದಲ್ಲಿ ನೆಲಕ್ಕೆ ಮುಟ್ಟಿಸಬಲ್ಲ. ಇದಕ್ಕೆ ಆಟೋರೊಟೇಶನ್ ಅನ್ನುತ್ತಾರೆ. ಆದರೆ ಅದಕ್ಕೆ ಸಾಕಷ್ಟು ಎತ್ತರ ಇರಬೇಕು, ಇಲ್ಲವೇ ವೇಗ ಇರಬೇಕು. ಎರಡೂ ಇಲ್ಲದಿದ್ದರೆ ಪೈಲಟ್ ಎಷ್ಟೇ ಜಾಣನಾದರೂ ಏನೂ ಮಾಡಲಾಗದು. ಶೂಟಿಂಗ್‌ನಲ್ಲಿ ವಾಕಿಟಾಕಿಯಲ್ಲಿ ಕೂಗುವುದು ಏನು ಹೇಳಿ? "ಇನ್ನೂ ಕೆಳಗೆ ಬನ್ನಿ, ಇನ್ನೂ ನಿಧಾನ." ಆ ಎರಡು ಮಾತು ಸೇರಿದರೆ ಪೈಲಟ್‌ಗಿದ್ದ ಆಸರೆ ಎರಡೂ ಹೋದಂತೆ.

ನಮ್ಮ ಕಡೆ ಇದಕ್ಕೆ ಬಿಸಿಲೂ ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ 40 ಡಿಗ್ರಿ ಮಾಮೂಲು. ಬಿಸಿ ಗಾಳಿ ತೆಳುವಾಗಿರುತ್ತದೆ. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್‌ಗೂ ಕಸುವು ಕಡಿಮೆ. ಬೆಳಿಗ್ಗೆ ಆರಕ್ಕೆ ಎತ್ತಿದ ಭಾರವನ್ನೇ ಮಧ್ಯಾಹ್ನ ಎರಡಕ್ಕೆ ಎತ್ತಲಾಗದು. ಕ್ಯಾಮೆರಾ, ಆಪರೇಟರ್, ನಿರ್ದೇಶಕ, ಜೊತೆಗೆ ನೋಡಲು ಬಂದ ನಿರ್ಮಾಪಕರ ಮಗ! ಆ ಕೊನೆಯವನನ್ನು ಕೆಳಗೇ ಬಿಡಬೇಕು, ಪೈಲಟ್ ಇದನ್ನು ಹೇಳಿದರೆ ಯಾರೂ ಮುಖ ಊದಿಸಬಾರದು.

ತಂತಿಗಳ ವಿಷಯ ಇನ್ನೂ ಭಯದ್ದು. ಕರೆಂಟಿನ ತಂತಿ ಮೇಲಿಂದ ಕಾಣುವುದೇ ಇಲ್ಲ, ಕಂಬ ಮಾತ್ರ ಕಾಣುತ್ತದೆ. ಸವದತ್ತಿ ಕಡೆ ಗಾಳಿಯಂತ್ರಗಳೂ ಇವೆ, ಅವುಗಳಿಂದ ಹೊರಟ ಲೈನ್‌ಗಳೂ ಇವೆ. ಹಾರುವ ಮುನ್ನ ಇಡೀ ದಾರಿಯನ್ನು ಜೀಪಿನಲ್ಲಿ ಓಡಾಡಿ, ಊರವರನ್ನು ಕೇಳಿ, ಎಲ್ಲೆಲ್ಲಿ ಲೈನ್ ಇದೆ ಅಂತ ಗುರುತು ಹಾಕಬೇಕು. ಈ ಕೆಲಸಕ್ಕೆ ನಮ್ಮಂಥ ಸ್ಥಳೀಯರನ್ನು ಇಟ್ಟುಕೊಳ್ಳಿ. ಯಾವ ಹೊಲದಲ್ಲಿ ಹೊಸ ಕಂಬ ನಿಂತಿದೆ ಅಂತ ನಮಗೆ ಗೊತ್ತಿರುತ್ತದೆ. ಹಾಗೇ ತಿಕೋಟಾ ಕಡೆ ದ್ರಾಕ್ಷಿ ಪಡಗಳ ಮೇಲೆ ಕೆಳಗೆ ಹಾರಬೇಡಿ. ಹಣ್ಣು ಬಿಟ್ಟ ಹೊತ್ತಲ್ಲಿ ಧೂಳು ಎಬ್ಬಿಸಿದರೆ ರೈತ ವರ್ಷದ ದುಡಿಮೆಯ ಲೆಕ್ಕ ಕೇಳುತ್ತಾನೆ, ಕೇಳಲೇಬೇಕು.

ಈಗ ದುಡ್ಡಿನ ಮಾತು. ಹೆಲಿಕಾಪ್ಟರ್ ಬಾಡಿಗೆ ಗಂಟೆಗೆ ಲಕ್ಷದ ಲೆಕ್ಕದಲ್ಲಿ ಹೋಗುತ್ತದೆ. ಬೆಂಗಳೂರಿಂದ ಇಲ್ಲಿಗೆ ಬರುವ ಹೊತ್ತಿಗೂ ವಾಪಸ್ ಹೋಗುವ ಹೊತ್ತಿಗೂ ಬಾಡಿಗೆ ಬೀಳುತ್ತದೆ. ಹಾಗಾಗಿ ಒಂದೇ ದಿನದಲ್ಲಿ ಎಲ್ಲಾ ಮುಗಿಸಬೇಕು ಅನ್ನುವ ಒತ್ತಡ ಬರುತ್ತದೆ. ಮೋಡ ಬಂದರೂ ಹಾರೋಣ, ಗಾಳಿ ಎದ್ದರೂ ಹಾರೋಣ, ಸೀನ್ ಒಂದು ಹೆಚ್ಚಿಗೆ ಸೇರಿಸೋಣ. ನನ್ನ ಪ್ರಕಾರ ಎಂಜಿನ್‌ಗಿಂತ ಈ ಅವಸರವೇ ಜಾಸ್ತಿ ಅಪಾಯ.

2016ರ ನವೆಂಬರ್ 7 ಕನ್ನಡಿಗರು ಮರೆಯುವ ದಿನವಲ್ಲ. ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲೆ 'ಮಾಸ್ತಿಗುಡಿ' ಸಿನಿಮಾದ ಶೂಟಿಂಗ್‌ನಲ್ಲಿ ಹೆಲಿಕಾಪ್ಟರ್‌ನಿಂದ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮತ್ತೆ ಮೇಲೆ ಬರಲಿಲ್ಲ. ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ಅಂದು ಹೆಲಿಕಾಪ್ಟರ್ ಕೆಟ್ಟಿರಲಿಲ್ಲ. ಕೆಳಗಿನ ನೀರಿನಲ್ಲಿ ಇರಬೇಕಾದ ವ್ಯವಸ್ಥೆ ಇರಲಿಲ್ಲ. ಬಾಡಿಗೆ ಕೊಟ್ಟು ಹೆಲಿಕಾಪ್ಟರ್ ತರುವ ಶಕ್ತಿ ಇದ್ದವರಿಗೆ ಎರಡು ಜಾಕೆಟ್, ನಾಲ್ಕು ಈಜುಗಾರರು, ತಯಾರಾಗಿ ನಿಂತ ಒಂದು ಬೋಟು ಭಾರವಾಗುತ್ತಿತ್ತಾ? ಇದನ್ನು ಬರೆಯುವಾಗ ಇವತ್ತಿಗೂ ಸಿಟ್ಟು ಬರುತ್ತದೆ. 1982ರಲ್ಲಿ ಅಮೆರಿಕದಲ್ಲಿ ಶೂಟಿಂಗ್ ವೇಳೆ ಕೆಳಗೆ ಹಾರುತ್ತಿದ್ದ ಹೆಲಿಕಾಪ್ಟರ್ ಸ್ಫೋಟಕ್ಕೆ ಸಿಕ್ಕಿ ಬಿದ್ದು ನಟ ವಿಕ್ ಮೊರೋ ಮತ್ತು ಇಬ್ಬರು ಮಕ್ಕಳು ಸತ್ತರು. ಆ ಮೇಲೆ ಅಲ್ಲಿಯ ಚಿತ್ರರಂಗ ಕೂತು ಸುರಕ್ಷತೆಯ ನಿಯಮಗಳನ್ನು ಬಿಗಿ ಮಾಡಿತು. ನಮ್ಮಲ್ಲೂ ಅಂಥ ನಿಯಮ ಬರವಣಿಗೆಯಲ್ಲಿ ಬೇಕು. ಪೈಲಟ್ "ಬೇಡ" ಅಂದರೆ ಹೀರೋ, ನಿರ್ದೇಶಕ, ಹಣ ಹಾಕಿದವರು ಯಾರೂ ಎರಡನೇ ಸಲ ಕೇಳಬಾರದು. ಆ ದಿನದ ಬಾಡಿಗೆ ಹೋದರೆ ಹೋಯಿತು ಅಂತ ಬಜೆಟ್‌ನಲ್ಲೇ ಒಂದು ದಿನ ಹೆಚ್ಚಿಗೆ ಬರೆದಿಡಬೇಕು. ಅಷ್ಟು ಬರೆದಿಡಲು ಆಗದವರು ಡ್ರೋನ್‌ನಲ್ಲೇ ಮುಗಿಸಲಿ.

ಖರ್ಚು ಇಳಿಸುವ ದಾರಿ ಬೇರೆ ಇದೆ. ಬಾದಾಮಿ, ಐಹೊಳೆ ಕಡೆಗೆ ಶೂಟಿಂಗ್ ಗುಂಪುಗಳು ಬರುತ್ತಲೇ ಇರುತ್ತವೆ. ಎರಡು ಮೂರು ಸಿನಿಮಾದವರು ಮಾತಾಡಿಕೊಂಡು ಒಂದೇ ವಾರಕ್ಕೆ ಒಂದು ಹೆಲಿಕಾಪ್ಟರ್ ತರಿಸಿದರೆ ಬರುವ ಹೋಗುವ ಬಾಡಿಗೆ ಹಂಚಿಹೋಗುತ್ತದೆ. ಪ್ರವಾಸೋದ್ಯಮ ಇಲಾಖೆಯೂ ಕೈಜೋಡಿಸಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಯ ದೃಶ್ಯಗಳನ್ನು ಅದೇ ವಾರದಲ್ಲಿ ತೆಗೆಸಿಡಬಹುದು. ಮಳೆ ನಿಂತು ಜಲಾಶಯ ತುಂಬಿರುವ ಅಕ್ಟೋಬರ್ ಕೊನೆ, ನವೆಂಬರ್ ಇದಕ್ಕೆ ಒಳ್ಳೆಯ ಹೊತ್ತು. ಗಾಳಿ ತಿಳಿಯಾಗಿರುತ್ತದೆ, ನೆಲ ಹಸಿರಾಗಿರುತ್ತದೆ, ಬಿಸಿಲೂ ಕಡಿಮೆ. ದಾರಿಯಲ್ಲಿ ಲೈನ್ ಗುರುತು ಹಾಕುವ ಕೆಲಸಕ್ಕೆ ನಾನು ಮತ್ತು ನಮ್ಮ ಹುಡುಗರು ಬರುತ್ತೇವೆ.