ನೆರಳಿನಿಂದ ಮಿನಾರು ಅಳೆಸಿದ ಮಾಸ್ತರರು

ನಿಮ್ಮ ಪತ್ರಿಕೆಯಲ್ಲಿ ಬಂದ, ನಮ್ಮ ಗಣಿತದ ಮಾಸ್ತರರು ತೀರಿಕೊಂಡ ಸುದ್ದಿಯಲ್ಲಿ ಅವರನ್ನು ‘ಶಿಸ್ತಿನ ಶಿಕ್ಷಕ’ ಎಂದಷ್ಟೇ ಬರೆದಿದ್ದೀರಿ. ಶಿಸ್ತು ಇತ್ತು, ಸುಳ್ಳಲ್ಲ. ನನ್ನ ಕಿವಿಗೆ ಅದು ಚೆನ್ನಾಗಿ ನೆನಪಿದೆ. ಆದರೆ ಅಷ್ಟೇ ಅಲ್ಲ. ಎಂಟನೆಯ ತರಗತಿಯಲ್ಲಿ ಒಮ್ಮೆ ನಮ್ಮನ್ನೆಲ್ಲ ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ ನಡೆಸಿಕೊಂಡು ಹೋದರು. 1472ರಲ್ಲಿ ಕಟ್ಟಿದ್ದು, 1696ರ ಸಿಡಿಮದ್ದಿನ ಸ್ಫೋಟದಲ್ಲಿ ಒಡೆದದ್ದು, ನಡುವೆ ಎಷ್ಟು ವರ್ಷ ಎಂದು ಕೇಳಿದರು. ಪಕ್ಕದ ಗೆಳೆಯ ‘ದೋ ಸೌ ಚೌಬೀಸ್’ (ಇನ್ನೂರ ಇಪ್ಪತ್ನಾಲ್ಕು) ಎಂದು ಉರ್ದುವಿನಲ್ಲಿ ಕೂಗಿದ. ಕನ್ನಡದಲ್ಲಿ ಹೇಳು ಎಂದು ಗದರಲಿಲ್ಲ, ‘ಶಾಬಾಸ್’ ಎಂದರು. (ನಮ್ಮ ತರಗತಿಯಲ್ಲಿ ಉರ್ದು, ಮರಾಠಿ, ತೆಲುಗು ಎಲ್ಲ ಮನೆಮಾತಿನವರೂ ಇದ್ದರು.)

ಆಮೇಲೆ ಒಂದು ಕೋಲು ನೆಟ್ಟು, ಅದರ ನೆರಳನ್ನೂ ಉಳಿದಿರುವ ಒಂದೇ ಮಿನಾರಿನ ನೆರಳನ್ನೂ ಅಳೆಸಿ, ಮಿನಾರಿನ ಎತ್ತರ ಕಂಡುಹಿಡಿಯಿರಿ ಎಂದರು. ನಾನು ಗುಣಿಸುವಲ್ಲಿ ಭಾಗಿಸಿದೆ. ಮಿನಾರು ಕೋಲಿಗಿಂತ ಗಿಡ್ಡವಾಯಿತು. ‘ಇದನ್ನು ಹತ್ತಲು ಮೆಟ್ಟಿಲೇ ಬೇಡವಲ್ಲಪ್ಪಾ’ ಎಂದು ನಕ್ಕು, ತಮ್ಮ ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ನನಗೂ ಪಾಲು ಕೊಟ್ಟರು.

ಈಗ ಹೊಲ ಅಳೆಯುವುದೇ ನನ್ನ ಹೊಟ್ಟೆಪಾಡು. ಬಸ್ ತಪ್ಪಿ ಮಣ್ಣಿಗೆ ಹೋಗಲಾಗಲಿಲ್ಲ. ಭಾನುವಾರ ಅವರ ಮನೆಗೆ ಹೋಗಿ ಬರುತ್ತೇನೆ.