ಪರಂಪರೆಯನ್ನು ಲೂಥರ್ ಬಿಸಾಡಲಿಲ್ಲ

16ನೇ ಶತಮಾನದ ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರನನ್ನು ಅನುಸರಿಸುವ ಲೂಥರ್ ಸಭೆಯವರು ಬೈಬಲ್ ಒಂದನ್ನೇ ಹಿಡಿದು ಕ್ರೈಸ್ತ ಪರಂಪರೆಯನ್ನೆಲ್ಲ ಬಿಸಾಡಿದರು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದು ಸರಿಯಲ್ಲ ಸರ್. 1521ರಲ್ಲಿ ಜರ್ಮನಿಯ ವರ್ಮ್ಸ್‌ನಲ್ಲಿ ಲೂಥರ್, ಪೋಪರೂ ಬಿಷಪರ ಮಹಾಸಭೆಗಳೂ ತಪ್ಪಿದ್ದುಂಟು, ನನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಕಟ್ಟುಬಿದ್ದಿದೆ ಅಂದದ್ದು ನಿಜ. ಆದರೆ ಲೂಥರ್ ಸಭೆಯ ಬೋಧನೆಯನ್ನು ವಿವರಿಸುವ 1577ರ ದಾಖಲೆ, ಫಾರ್ಮುಲಾ ಆಫ್ ಕಾನ್ಕಾರ್ಡ್ ಓದಿ. ಬೋಧನೆಗೆ ನ್ಯಾಯಾಧೀಶ ಬೈಬಲ್ ಮಾತ್ರ, ನಂಬಿಕೆಯನ್ನು ಚುಟುಕಾಗಿ ಹೇಳುವ ಹಳೆಯ ವಿಶ್ವಾಸ ಪ್ರಮಾಣಗಳು ಸಾಕ್ಷಿಗಳು ಅಂತ ಅಲ್ಲಿ ಸ್ಪಷ್ಟವಾಗಿದೆ. ಸಾಕ್ಷಿಯನ್ನು ಯಾರೂ ಕೋರ್ಟಿನಿಂದ ಹೊರಗೆ ಹಾಕುವುದಿಲ್ಲ, ಅಲ್ವಾ?

ಇಲ್ಲಿ ಮುಂಬೈಯ ನಮ್ಮ ಕನ್ನಡ ಆರಾಧನೆಯಲ್ಲೂ ಎಲ್ಲರೂ ಎದ್ದು ನಿಂತು ಅಪೊಸ್ತಲರ ವಿಶ್ವಾಸ ಪ್ರಮಾಣ ಹೇಳುತ್ತೇವೆ, ಸಭಾಪಾಲಕರ ಪ್ರಸಂಗ ವಾಕ್ಯಕ್ಕೆ ಹೊಂದದಿದ್ದರೆ ಹಿಂದಿನ ಬೆಂಚಿನ ಅಜ್ಜಿಯೂ ಬೈಬಲ್ ತೆರೆದು ಕೇಳಬಹುದು, ಕೇಳಲೇಬೇಕು. ಇನ್ನೊಂದು ಮಾತು. ಲೂಥರ್ 1522ರಲ್ಲಿ ಬೈಬಲ್‌ನ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ, ಅಂದರೆ ಸತ್ವವಿಲ್ಲದ್ದು ಅಂದ, ಅದರಲ್ಲಿ ಕ್ರಿಸ್ತನ ಸುವಾರ್ತೆ ಕಾಣಲಿಲ್ಲ ಅಂತ. ಆದರೂ ತನ್ನ ಜರ್ಮನ್ ಬೈಬಲ್ ಅನುವಾದದಿಂದ ಅದನ್ನು ತೆಗೆಯಲಿಲ್ಲ. ಇದರ ಬಗ್ಗೆಯೂ ದಯವಿಟ್ಟು ಬರೆಯಿರಿ.