ಹರಿದರೆ ಹೊಟ್ಟೆಪಾಡು

ಬಾಗಿಲು ಮಾರುವವರು ಎಲ್ಲೆಡೆಯೂ ತಮ್ಮ ಸರಕಿನ ಗಟ್ಟಿತನವನ್ನೇ ಹೊಗಳಿಕೊಳ್ಳುತ್ತಾರೆ. ಕ್ಯೋಟೊ ನಗರದ ಓಣಿಯೊಂದರ ಮರಗೆಲಸದ ಅಂಗಡಿಯಲ್ಲಿ ನಾನು ಕಲಿಯಹೊರಟ ಬಾಗಿಲಿನ ವಿಷಯದಲ್ಲಿ ಆ ಮಾತನ್ನು ಆಡುವಂತಿಲ್ಲ. ಏಕೆಂದರೆ ಮಗುವಿನ ಬೆರಳು, ಬೆಕ್ಕಿನ ಉಗುರು, ಅವಸರದ ಮೊಣಕೈ, ಯಾವುದು ಬೇಕಾದರೂ ಅದನ್ನು ತೂರಿ ಆಚೆಗೆ ಹೋಗಬಲ್ಲದು. ಶೋಜಿ ಎಂಬ ಈ ಜಾರುಬಾಗಿಲು ಸುಗಿ ಅಥವಾ ಹಿನೊಕಿ ಮರದ ತೆಳು ರೀಪುಗಳ ಜಾಲರಿ. ಅದರ ಹೊರಮೈಗೆ ಒಂದೇ ಒಂದು ಪದರ ಕಾಗದ. ಒಳಗೆ ನುಗ್ಗಬೇಕೆಂದಿದ್ದವನು ಅಲ್ಲಿ ತಡೆದು ನಿಂತನೆಂದರೆ ಅದು ಅವನ ಸಂಸ್ಕಾರವೇ ಹೊರತು ಬಾಗಿಲಿನ ಸಾಮರ್ಥ್ಯವಲ್ಲ.

ನಮ್ಮವರ ಉದ್ಯೋಗದ ದೆಸೆಯಿಂದ ಈ ಊರಿಗೆ ಬಂದ ನಾನು, ಹಗಲಿಡೀ ಬಾಡಿಗೆ ಮನೆಯ ಕಾಗದದ ಬಾಗಿಲುಗಳನ್ನು ನೋಡುತ್ತ ಕುಳಿತಿದ್ದರ ಫಲವಾಗಿ ಈ ವಿದ್ಯೆಗೆ ಬಿದ್ದೆ. ಗುರುಗಳನ್ನು ಓಯಕತ ಎಂದೇ ಕರೆಯಬೇಕು. ಅವರು ವೃದ್ಧರು, ಮಿತಭಾಷಿ, ಎಂದೂ ಗದರುವವರಲ್ಲ. ಗದರಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಜಪಾನಿನ ಗರಗಸವೂ ಕೀಸುಳಿಯೂ ನಮ್ಮತ್ತ ಎಳೆದುಕೊಂಡಾಗ ಮಾತ್ರ ಕೆಲಸ ಮಾಡುತ್ತವೆ. ನಮ್ಮೂರಿನ ಬಡಗಿಗಳು ಮೈಯ ಬಲವನ್ನೆಲ್ಲ ಹಾಕಿ ಮುಂದಕ್ಕೆ ದೂಡುವುದನ್ನು ನೋಡುತ್ತ ಬೆಳೆದ ನನ್ನ ಕೈ ಸಹಜವಾಗಿಯೇ ದೂಡಿತು. ತೆಳ್ಳನೆಯ ಅಲಗು ತಟ್ಟನೆ ನಡು ಬಾಗಿಸಿತು. ಎದುರಿಗೆ ಸಿಕ್ಕವರೆಲ್ಲ ನಡು ಬಾಗಿಸಿ ವಂದಿಸುವ ದೇಶವಾದ್ದರಿಂದ ನಾನು ಅದನ್ನು ಗರಗಸದ ಸೌಜನ್ಯವೆಂದು ತಿಳಿದು ಪ್ರತಿವಂದನೆ ಸಲ್ಲಿಸಿದೆ. ಓಯಕತ ಗರಗಸವನ್ನು ಮೆಲ್ಲನೆ ಬಿಡಿಸಿಕೊಂಡು, ಅದರ ಜಾಗದಲ್ಲಿ ನನ್ನ ಕೈಗೆ ಪೊರಕೆಯನ್ನು ಇಟ್ಟರು.

ಪೊರಕೆಯಲ್ಲಿ ಪಳಗಿದ ಬಳಿಕ ಜಾಲರಿಯ ಸರದಿ ಬಂದಿತು. ಇಲ್ಲಿ ಮೊಳೆಯ ಮಾತೇ ಇಲ್ಲ. ಪ್ರತಿಯೊಂದು ರೀಪಿಗೂ ಅರ್ಧ ದಪ್ಪದಷ್ಟು ಕಚ್ಚು ಹಾಕಿ, ಒಂದು ಕಚ್ಚು ಮೇಲ್ಮುಖವಾದರೆ ಇನ್ನೊಂದು ಕೆಳಮುಖವಾಗಿರುವಂತೆ ನೋಡಿಕೊಂಡು, ಎಲ್ಲವನ್ನೂ ಹೆಣೆಯುತ್ತ ಹೋಗಬೇಕು. ಕಚ್ಚು ಕೂದಲೆಳೆಯಷ್ಟು ಅಗಲವಾದರೆ ಸಡಿಲ, ಅಷ್ಟೇ ಕಿರಿದಾದರೆ ರೀಪು ಸೀಳು. ನಾನು ಹೆಣೆದ ಜಾಲರಿಯಲ್ಲಿ ಕೊನೆಯ ರೀಪು ಕುಳಿತುಕೊಳ್ಳುವ ಹೊತ್ತಿಗೆ ಮೊದಲನೆಯದು ಎದ್ದು ನಿಂತಿರುತ್ತಿತ್ತು. ಓಯಕತ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಬೇಸಿಗೆಗೆ ತುಂಬ ಅನುಕೂಲ, ಚೆನ್ನಾಗಿ ಗಾಳಿಯಾಡುತ್ತದೆ” ಎಂದರು. ಕ್ಯೋಟೊದವರ ಹೊಗಳಿಕೆಯನ್ನು ಎರಡು ದಿನ ನೆನೆಹಾಕಿ ಆಮೇಲೆ ಅರ್ಥ ಮಾಡಿಕೊಳ್ಳಬೇಕು ಎಂದು ಅಕ್ಕಪಕ್ಕದವರು ಹೇಳುತ್ತಿದ್ದುದು ಆಗ ನೆನಪಾಯಿತು.

ಕಾಗದ ಅಂಟಿಸುವ ಕೆಲಸದಲ್ಲಾದರೂ ನಾನು ಮೇಲುಗೈ ಸಾಧಿಸುವೆನೆಂದು ನಂಬಿದ್ದೆ, ಏಕೆಂದರೆ ಅಂಟು ಎಂದರೆ ಗೋಧಿಯ ಪಿಷ್ಟವನ್ನು ನೀರಿನಲ್ಲಿ ಕುದಿಸಿದ ಸರಿ, ಅಷ್ಟೆ. ಅನ್ನದ ಅಗುಳು ತಿಕ್ಕಿ ಗಾಳಿಪಟ ಅಂಟಿಸಿದ ಅನುಭವವಿದ್ದವಳಿಗೆ ಇದೇನು ಮಹಾ? ಕಾಗದದ ಅಡ್ಡಪಟ್ಟಿಗಳನ್ನು ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಅಂಟಿಸಿಕೊಂಡು ಹೋಗುತ್ತಾರೆ. ಮಂಗಳೂರು ಹೆಂಚಿನಂತೆ ಮೇಲಿನದರ ಅಂಚು ಕೆಳಗಿನದರ ಮೇಲೆ ಬಂದರೆ ಸಂದಿಯಲ್ಲಿ ಧೂಳು ಕೂರುವುದಿಲ್ಲ. ಅಂಟು ಒಣಗಿದ ಮೇಲೆ ನೀರು ಸಿಂಪಡಿಸಿದರೆ ಕಾಗದ ಒಣಗುತ್ತ ಕುಗ್ಗಿ, ತಾನಾಗಿಯೇ ಬಿಗಿಯಾಗುತ್ತದೆ. ಇದನ್ನು ತಿಳಿಯದವರು ಮೊದಲೇ ಎಳೆದು ಅಂಟಿಸಿದರೆ ಕಾಗದವು ಚೌಕಟ್ಟಿನ ಸೊಂಟವನ್ನೇ ತಿರುಚುತ್ತದೆ. ನಾನು ಇದನ್ನು ತಿಳಿದೇ, ಸಡಿಲವಾಗಿ ಅಂಟಿಸಿದ್ದೆ. ಆದರೆ ಅದು ಜೂನ್ ತಿಂಗಳ ಮಳೆಗಾಲ. ಬಿಗಿಯಾಗಬೇಕಾದ ಕಾಗದ ದಿನವಿಡೀ ಜೋತುಬಿದ್ದುಕೊಂಡೇ ಇದ್ದಿತು. ಹವಾಮಾನ ಇಲಾಖೆಯ ತಪ್ಪಿಗೆ ನಾನು ಹೊಣೆಯಲ್ಲವೆಂದು ಓಯಕತರಿಗೆ ಹೇಳುವಷ್ಟು ಜಪಾನಿ ಭಾಷೆ ನನಗೆ ಬರುತ್ತಿರಲಿಲ್ಲ.

ಮಾರಾಟಕ್ಕೆ ನಾವು ಹೋಗುತ್ತಿದ್ದುದು ತೋಜಿ ದೇವಾಲಯದ ಆವರಣದಲ್ಲಿ ಪ್ರತಿ ತಿಂಗಳ 21ರಂದು ಸೇರುವ ಸಂತೆಗೆ. ಅಲ್ಲಿ ಗಿರಾಕಿಗಳ ಮುಂದೆ ಒಪ್ಪಿಸಲೆಂದು ನಾನು ಒಂದು ಭಾಷಣವನ್ನೇ ಬಾಯಿಪಾಠ ಮಾಡಿಕೊಂಡಿದ್ದೆ: ಕೋಜೊ ಗಿಡದ ನಾರಿನಿಂದ ಕೈಯಲ್ಲಿ ಮಾಡಿದ ಈ ಕಾಗದ ಗಿಫು ಪ್ರಾಂತದ ಮಿನೊ ಊರಿನದು, ಅಲ್ಲಿನ ಕಾಗದ ತಯಾರಿಕೆಯ ಕಲೆಯನ್ನು, ಶಿಮಾನೆ ಮತ್ತು ಸೈತಾಮಾ ಪ್ರಾಂತಗಳ ಕಲೆಯೊಡನೆ, ಯುನೆಸ್ಕೊ 2014ರಲ್ಲಿ ಪಾರಂಪರಿಕ ಪಟ್ಟಿಗೆ ಸೇರಿಸಿದೆ. ಅಜ್ಜಿಯೊಬ್ಬರು ಕೈಕಟ್ಟಿಕೊಂಡು ಪೂರ್ತಿ ಕೇಳಿ, “ಇದು ನಮ್ಮ ಬೆಕ್ಕಿಗೆ ತಿಳಿದಿದೆಯೇ?” ಎಂದರು. ಹರಿಯದಂಥ ಪ್ಲಾಸ್ಟಿಕ್ ಲೇಪದ ಕಾಗದವೂ ಪೇಟೆಯಲ್ಲಿದೆ, ಓಯಕತ ಅದನ್ನೂ ಇಟ್ಟಿದ್ದಾರೆ. ಆದರೆ ಯಾರಾದರೂ ಕೇಳಿದರೆ ಸಾವಿನ ಮನೆಗೆ ಹೊರಟವರ ಮುಖ ಮಾಡಿಕೊಂಡು ಕೊಡುತ್ತಾರೆ. ಅವರ ದುಃಖಕ್ಕೆ ಕಾರಣವಿದೆ. ಹೊಸ ಬಾಗಿಲು ಕೊಳ್ಳುವವರು ಅಪರೂಪವಾದ ಈ ಕಾಲದಲ್ಲಿ ಅಂಗಡಿಯನ್ನು ಸಾಕುತ್ತಿರುವುದು ಹರಿದ ಕಾಗದವೇ.

ಅದೇ ಸಂತೆಯಲ್ಲಿ ಒಬ್ಬ ಸಜ್ಜನರು ಅಳತೆ ಹೇಳದೆ, “ಆರು ಚಾಪೆಯ ಕೋಣೆ, ಎಲ್ಲರ ಮನೆಯಂಥದ್ದೇ” ಎಂದು ಬಾಗಿಲು ಕೊಂಡು ಹೋದರು. ಕ್ಯೋಟೊದ ತತಾಮಿ ಚಾಪೆಯ ಉದ್ದ ಸುಮಾರು 191 ಸೆಂಟಿಮೀಟರ್, ಟೋಕಿಯೊ ಕಡೆಯದು ಸುಮಾರು 176. ಕೋಣೆಗಳೂ ಅದರದರ ಲೆಕ್ಕದವೇ. ಅವರ ಮನೆ ಟೋಕಿಯೊದಲ್ಲಿತ್ತು ಎಂಬುದು ಬಾಗಿಲು ಸರಕು ಸಾಗಣೆಯ ಲಾರಿಯಲ್ಲಿ ಮರಳಿ ಬಂದಾಗ ತಿಳಿಯಿತು.

ಡಿಸೆಂಬರಿನಲ್ಲಿ ಮಾತ್ರ ನಮಗೆ ಬಿಡುವೇ ಇಲ್ಲ. ಹೊಸ ವರ್ಷಕ್ಕೆ ಮುನ್ನ ಮನೆಯನ್ನೆಲ್ಲ ತೊಳೆದು ಬಳಿದು ಶೋಜಿಯ ಕಾಗದ ಬದಲಿಸುವುದು ಇಲ್ಲಿಯ ಹಳೆಯ ಪದ್ಧತಿ. ಹೇಗೂ ಕಿತ್ತೆಸೆಯುವ ಕಾಗದವಲ್ಲವೇ ಎಂದು ಆ ದಿನ ಮಕ್ಕಳಿಗೆ ಮನಸಾರೆ ತೂತು ಮಾಡಲು ಬಿಡುತ್ತಾರೆ. ನನ್ನನ್ನು ಕಳುಹಿಸಿದ್ದ ಮನೆಯ ಪುಟ್ಟ ಹುಡುಗಿ ಆ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದಳು. ನಾನು ಹಳೆಯದನ್ನು ನೆನೆಸಿ ಸುಲಿದು, ಹೊಸದನ್ನು ಅಂಟಿಸಿ, ನೀರು ಸಿಂಪಡಿಸಿ, ಹಿರಿಯರೊಡನೆ ಚಹಾ ಕುಡಿಯಲು ಕುಳಿತೆ. ಅನುಮತಿಯ ಅವಧಿ ಮುಗಿದಿದೆಯೆಂದು ಮಗುವಿಗೆ ಯಾರೂ ಹೇಳಿರಲಿಲ್ಲ. ಪಕ್ಕದ ಕೋಣೆಯಿಂದ ಪಟ್ ಪಟ್ ಎಂಬ ಸದ್ದು ಕೇಳಿ ನಾವು ಎದ್ದು ಹೋಗುವಷ್ಟರಲ್ಲಿ ಕೆಳಗಿನ ಸಾಲು ಪೂರ್ತಿಯಾಗಿತ್ತು.

ಇಂಥ ತೂತುಗಳಿಗೆ ಚೆರ್ರಿ ಹೂವಿನಾಕಾರದ ಕಾಗದದ ತೇಪೆ ಹಚ್ಚುವ ರೂಢಿಯಿದೆ. ಹಚ್ಚಿದೆ. ಮಗು ಹೂವುಗಳನ್ನು ಮೆಚ್ಚಿ, ಎರಡನೆಯ ಸಾಲಿಗೂ ಬೇಕೆಂದು ಜಾಗ ಮಾಡಿಕೊಟ್ಟಿತು. ಮನೆಯವರು ನಾಚಿ, ಪೂರ್ತಿ ಬಾಗಿಲಿಗೆ ಮತ್ತೊಮ್ಮೆ ಕಾಗದ ಹಾಕಿಸಿ ಎರಡು ಪಟ್ಟು ಹಣ ಕೊಟ್ಟರು. ಆ ಮಗುವಿಗೆ ಈಗ ತಮ್ಮನೊಬ್ಬ ಹುಟ್ಟಿದ್ದಾನೆ. ಸುದ್ದಿ ತಿಳಿದ ಓಯಕತ ಅಭಿನಂದನೆಯ ಪತ್ರದೊಳಗೆ ಹೊಸ ದರಪಟ್ಟಿಯನ್ನೂ ಮಡಿಸಿ ಇಟ್ಟು ಕಳುಹಿಸಿದರು.